ನಟರನ್ನು ದೇವರಂತೆ ಕಾಣುವವರಿಗೆ ಬುದ್ಧಿ ಕಡಿಮೆಯೇ? ಅಭಿಮಾನದ ಹಿಂದಿರುವ ವಿಜ್ಞಾನ

‘ಸಿನಿಮಾ ನಟರನ್ನು, ಕ್ರಿಕೆಟಿಗರನ್ನು ಆರಾಧಿಸುವವರ ಬುದ್ಧಿಮಟ್ಟ ಕಡಿಮೆ ಎಂದು ವಿಜ್ಞಾನಿಗಳೇ ಸಾಬೀತು ಮಾಡಿದ್ದಾರೆ’ ಎನ್ನುವ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಸಾಮಾನ್ಯವಾಗಿ ಇದನ್ನು ಕಳಿಸುವವರು ಯಾವುದಾದರೊಬ್ಬ ನಟನ ಅಭಿಮಾನಿಗಳ ಮೇಲೆ ಸಿಟ್ಟಿನಲ್ಲಿರುವವರು. ಹಾಗಾಗಿ ‘ನೋಡಿ, ವಿಜ್ಞಾನವೂ ನಮ್ಮ ಪರ’ ಎಂಬ ಧಾಟಿ ಅದರಲ್ಲಿರುತ್ತದೆ.

ಸಂದೇಶದ ಬೇರು ಒಂದು ನಿಜವಾದ ಅಧ್ಯಯನದಲ್ಲಿದೆ. 2021ರಲ್ಲಿ ಹಂಗೇರಿ ದೇಶದ 1,763 ವಯಸ್ಕರಿಗೆ ಸಂಶೋಧಕರು ಪದಜ್ಞಾನದ ಒಂದು ಪರೀಕ್ಷೆ, ಅಂಕಿ ಮತ್ತು ಚಿಹ್ನೆಗಳನ್ನು ಬೇಗ ಹೊಂದಿಸುವ ಇನ್ನೊಂದು ಪರೀಕ್ಷೆ ಕೊಟ್ಟರು. ಜೊತೆಗೆ, ಯಾರನ್ನಾದರೂ ಎಷ್ಟು ಆರಾಧಿಸುತ್ತೀರಿ ಎಂದು ಪ್ರಶ್ನಾವಳಿಯ ಮೂಲಕ ಕೇಳಿದರು. ಆರಾಧನೆ ಹೆಚ್ಚಿದ್ದವರ ಅಂಕಗಳು ಸ್ವಲ್ಪ ಕಡಿಮೆ ಬಂದವು. ಫಾರ್ವರ್ಡ್ ಇಲ್ಲಿಗೇ ನಿಲ್ಲುತ್ತದೆ. ಅಧ್ಯಯನ ಮುಂದುವರಿದು ಹೇಳಿದ್ದು ಏನೆಂದರೆ, ಈ ನಂಟು ತೀರಾ ದುರ್ಬಲ. ಯಾವುದು ಕಾರಣ, ಯಾವುದು ಪರಿಣಾಮ ಎಂದು ಇದರಿಂದ ಹೇಳಲಾಗದು. ಒಂದೇ ದೇಶದ ಜನ, ಒಂದೇ ಸಲ ತುಂಬಿದ ಪ್ರಶ್ನಾವಳಿ. ಇದನ್ನು ಹಿಡಿದು ತರೀಕೆರೆಯ ಆಟೊ ಸ್ಟ್ಯಾಂಡಿನಲ್ಲಿ ಅಪ್ಪು ಫೋಟೊ ಹಾಕಿಕೊಂಡ ಚಾಲಕನ ಬುದ್ಧಿ ಅಳೆಯಲು ಹೊರಡುವುದು ಅಧ್ಯಯನವನ್ನು ಓದದವರ ಕೆಲಸ.

ಆದ್ದರಿಂದ ಆ ಸಂದೇಶ ದಾರಿ ತಪ್ಪಿಸುವಂಥದ್ದು. ಆದರೆ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ. ಒಮ್ಮೆಯೂ ಭೇಟಿಯಾಗದ, ನಮ್ಮ ಹೆಸರೂ ಗೊತ್ತಿಲ್ಲದ ಒಬ್ಬ ವ್ಯಕ್ತಿಗಾಗಿ ಜನ ಅಳುವುದು, ಜಗಳವಾಡುವುದು, ಕೆಲವೊಮ್ಮೆ ಪ್ರಾಣವನ್ನೇ ಅಪಾಯಕ್ಕೆ ಒಡ್ಡುವುದು ಯಾಕೆ?

ಇದು ಸಿನಿಮಾ ತಂದ ಗೀಳಲ್ಲ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ವೀರ ಹೋರಾಡುತ್ತಿರುತ್ತಾನೆ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಕೈಹಿಡಿದು ಒಯ್ಯುತ್ತಿರುತ್ತಾರೆ, ಮೇಲಿನದರಲ್ಲಿ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕುಳಿತಿರುತ್ತಾನೆ. ದನಕರು ಕಾಯುತ್ತಲೋ ಊರು ಉಳಿಸುತ್ತಲೋ ಸತ್ತ ಮನುಷ್ಯನೊಬ್ಬ ಮೂರೇ ಪಟ್ಟಿಕೆಗಳಲ್ಲಿ ದೇವರ ಹತ್ತಿರ ಹೋಗಿಬಿಡುತ್ತಾನೆ. ಇಂದಿಗೂ ಕೆಲವು ಕಲ್ಲುಗಳಿಗೆ ಅರಿಶಿನ–ಕುಂಕುಮ ಬೀಳುತ್ತದೆ. ಕಟೌಟಿಗೆ ಹಾಲೆರೆಯುವುದನ್ನು ಕಂಡು ‘ಕಾಲ ಕೆಟ್ಟುಹೋಯಿತು’ ಎನ್ನುವವರು ಒಮ್ಮೆ ಊರ ಹೊರಗಿನ ಕಲ್ಲನ್ನೂ ನೋಡಬೇಕು.

ಇದರ ಹಿಂದಿನ ಕಾರಣವನ್ನು 2001ರಲ್ಲಿ ಜೋಸೆಫ್ ಹೆನ್ರಿಕ್ ಮತ್ತು ಫ್ರಾನ್ಸಿಸ್ಕೊ ಗಿಲ್-ವೈಟ್ ಎಂಬ ಸಂಶೋಧಕರು ವಿವರಿಸಿದರು. ಅದನ್ನು ನಮ್ಮ ಅಡಿಕೆ ತೋಟದ ಮಾತಿನಲ್ಲೇ ಹೇಳಬಹುದು. ಹೊಸದಾಗಿ ತೋಟ ಮಾಡುವ ಹುಡುಗ ಎಲ್ಲವನ್ನೂ ತಾನೇ ಪರೀಕ್ಷೆ ಮಾಡಿ ಕಲಿಯಲು ಹೊರಟರೆ ಅರ್ಧ ಆಯುಷ್ಯ ಮುಗಿಯುತ್ತದೆ. ಅದರ ಬದಲು, ಊರಿನವರೆಲ್ಲ ಯಾರ ತೋಟಕ್ಕೆ ಹೋಗಿ ಸಲಹೆ ಕೇಳುತ್ತಾರೆ ಎಂದು ನೋಡುತ್ತಾನೆ. ಅವರ ಹತ್ತಿರ ಇರಲು ಬಯಸುತ್ತಾನೆ, ಅವರಿಗೆ ಮರ್ಯಾದೆ ಕೊಡುತ್ತಾನೆ, ಅವರು ಮಾಡಿದಂತೆ ಮಾಡುತ್ತಾನೆ. ಮನುಷ್ಯ ಕುಲ ಕಲಿತದ್ದೇ ಹೀಗೆ. ಹೆದರಿಸಿ ಪಡೆಯುವ ಗೌರವ ಬೇರೆ, ಜನ ತಾವಾಗಿ ಕೊಡುವ ಗೌರವ ಬೇರೆ. ಎರಡನೆಯದು ಸಿಕ್ಕವರ ಹಿಂದೆ ಹೋಗುವ ಗುಣ ನಮ್ಮಲ್ಲಿ ಹುಟ್ಟಿನಿಂದಲೇ ಇದೆ.

ಇದರಲ್ಲಿ ಎರಡು ತೊಡಕುಗಳಿವೆ. ಯಾರು ನಿಜಕ್ಕೂ ಜಾಣರು ಎಂದು ನಮಗೆ ನೇರವಾಗಿ ಕಾಣುವುದಿಲ್ಲ. ಬೇರೆಯವರು ಯಾರ ಕಡೆ ನೋಡುತ್ತಿದ್ದಾರೆ ಎಂಬುದಷ್ಟೇ ಕಾಣುತ್ತದೆ. ಹಾಗಾಗಿ ಎಲ್ಲರೂ ನೋಡುತ್ತಿರುವವರನ್ನೇ ನಾವೂ ನೋಡುತ್ತೇವೆ, ನಮ್ಮನ್ನು ನೋಡಿ ಇನ್ನಷ್ಟು ಜನ. ಫೋನಿನಲ್ಲಿ ಕಾಣುವ ಫಾಲೋವರ್‌ಗಳ ಸಂಖ್ಯೆ, ವ್ಯೂಗಳ ಸಂಖ್ಯೆ ಈ ಚಟವನ್ನು ಹತ್ತು ಪಟ್ಟು ಮಾಡಿವೆ. ಎರಡನೆಯ ತೊಡಕು, ಯಶಸ್ವಿಯಾದವರ ಯಾವ ಗುಣದಿಂದ ಯಶಸ್ಸು ಬಂತು ಎಂದು ತಿಳಿಯದ್ದರಿಂದ ಎಲ್ಲವನ್ನೂ ನಕಲು ಮಾಡುತ್ತೇವೆ. ತೋಟದ ಗೌಡರ ಗೊಬ್ಬರದ ಲೆಕ್ಕದ ಜೊತೆಗೆ ಅವರು ಟವೆಲ್ ಹಾಕುವ ರೀತಿಯೂ ಬರುತ್ತದೆ. ನಾಯಕ ನಟನ ವಿಷಯದಲ್ಲಿ ಕೂದಲಿನ ಕಟಿಂಗ್, ಗಡ್ಡ, ಬೈಕು ಮೊದಲು ಬರುತ್ತವೆ, ಬೆಳಿಗ್ಗೆ ನಾಲ್ಕಕ್ಕೆ ಏಳುವ ಶಿಸ್ತು ಕೊನೆಗೆ.

ಎತ್ತರದವರನ್ನು ನೋಡುವ ಆಸೆ ಮನುಷ್ಯರಿಗೆ ಮಾತ್ರ ಇರುವುದೂ ಅಲ್ಲ. 2005ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಗಂಡು ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ಪ್ರಯೋಗ ಮಾಡಿದರು. ಗುಂಪಿನ ಮೇಲ್ದರ್ಜೆಯ ಕೋತಿಗಳ ಮುಖದ ಚಿತ್ರ ನೋಡಲು ಅವು ಒಂದಿಷ್ಟು ರಸವನ್ನು ಬಿಟ್ಟುಕೊಡಲೂ ಸಿದ್ಧವಿದ್ದವು. ಕೆಳದರ್ಜೆಯ ಕೋತಿಯ ಮುಖ ನೋಡಬೇಕಾದರೆ ಮಾತ್ರ ಹೆಚ್ಚುವರಿ ರಸ ಕೊಡಬೇಕಾಯಿತು. ಮೊದಲ ದಿನದ ಮೊದಲ ಷೋಗೆ ದುಪ್ಪಟ್ಟು ದುಡ್ಡು ಕೊಟ್ಟವರು ಬೇಸರ ಮಾಡಿಕೊಳ್ಳಬೇಕಿಲ್ಲ.

ರಾಜಕೀಯದಲ್ಲೂ ಇದೇ ಸೆಳೆತ. 1978ರ ನವೆಂಬರ್‌ನಲ್ಲಿ ಇಂದಿರಾ ಗಾಂಧಿಯವರು ಚಿಕ್ಕಮಗಳೂರು ಲೋಕಸಭಾ ಉಪಚುನಾವಣೆಗೆ ನಿಂತರು. ಹಿಂದಿನ ವರ್ಷವಷ್ಟೇ ದೇಶ ಅವರನ್ನು ಅಧಿಕಾರದಿಂದ ಇಳಿಸಿತ್ತು. ಈ ಭಾಗದ ಜನರೊಡನೆ ಹಿಂದೆಂದೂ ಒಡನಾಟವಿರದಿದ್ದ ಅವರು ವೀರೇಂದ್ರ ಪಾಟೀಲರ ವಿರುದ್ಧ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಗೆಲುವಿಗೆ ಬೇರೆ ಕಾರಣಗಳೂ ಇದ್ದವು ನಿಜ. ಆದರೆ ದೂರದ ಒಂದು ಮುಖ ಮನೆಯದೇ ಆಗಿಬಿಡುವುದು ಹೇಗೆಂದು ನಮ್ಮ ಜಿಲ್ಲೆಯ ಹಿರಿಯರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಒಂದು ಕಡೆಯಿಂದ ಮಾತ್ರ ಇರುವ ನಂಟು

ತೋಟದ ಗೌಡರಿಗೂ ಚಿತ್ರನಟರಿಗೂ ದೊಡ್ಡ ವ್ಯತ್ಯಾಸವೊಂದಿದೆ. ಗೌಡರಿಗೆ ನೀವೂ ಗೊತ್ತು. 1956ರಲ್ಲಿ ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ಇಬ್ಬರು ಅಮೆರಿಕದಲ್ಲಿ ಆಗಷ್ಟೇ ಮನೆಮನೆಗೆ ಬರುತ್ತಿದ್ದ ಟಿ.ವಿ. ಕಾರ್ಯಕ್ರಮಗಳನ್ನು ಗಮನಿಸಿ ಒಂದು ಮಾತು ಹೇಳಿದರು: ತೆರೆಯ ಮೇಲಿರುವವರು ನೇರವಾಗಿ ನಮ್ಮ ಕಣ್ಣಿಗೆ ಕಣ್ಣಿಟ್ಟು ಮಾತಾಡಿದಾಗ, ಅದು ಸ್ನೇಹಿತನೊಡನೆ ನಡೆಯುವ ಮಾತುಕತೆಯೆಂದೇ ನೋಡುಗನಿಗೆ ಅನ್ನಿಸತೊಡಗುತ್ತದೆ. ಮನೋವಿಜ್ಞಾನದಲ್ಲಿ ಇದನ್ನು ಪ್ಯಾರಾಸೋಷಿಯಲ್ ಸಂಬಂಧ ಎನ್ನುತ್ತಾರೆ. ಕನ್ನಡದಲ್ಲಿ ಒಮ್ಮುಖ ನಂಟು ಎನ್ನೋಣ.

ನಮ್ಮ ಮಿದುಳಿಗೆ ಇದು ಹೊಸ ಸಮಸ್ಯೆ. ಮನುಷ್ಯನ ಮುಖವನ್ನು ಒಂದು ಅಡಿ ಹತ್ತಿರದಿಂದ, ಕಣ್ಣಂಚಿನ ನೀರು ಕಾಣುವಷ್ಟು ಸಮೀಪದಿಂದ ನೋಡುತ್ತಿದ್ದೇವೆಂದರೆ ಆ ವ್ಯಕ್ತಿ ತಾಯಿಯೋ ಮಗುವೋ ಸಂಗಾತಿಯೋ ಆಗಿರಬೇಕಿತ್ತು. ಸಿನಿಮಾದ ಕ್ಲೋಸಪ್ ಬಂದು ನೂರು ವರ್ಷವೂ ಹೆಚ್ಚೇನಲ್ಲ. ಅಷ್ಟು ಹತ್ತಿರದಿಂದ ಹತ್ತಾರು ವರ್ಷ ನೋಡಿದ ಮುಖವನ್ನು ‘ಇದು ಬರೀ ಚಿತ್ರ’ ಎಂದು ಬುದ್ಧಿ ಹೇಳಬಹುದು, ಒಳಮನಸ್ಸು ಕೇಳುವುದಿಲ್ಲ. ಮೊಬೈಲ್ ಬಂದ ಮೇಲಂತೂ ಅವರು ಅಡುಗೆ ಮನೆಯಿಂದ, ಜಿಮ್‌ನಿಂದ, ಮಗುವಿನ ನಾಮಕರಣದಿಂದ ನಮ್ಮ ಹಾಸಿಗೆಯವರೆಗೂ ಬರುತ್ತಾರೆ.

ಕನ್ನಡದಲ್ಲಿ ಈ ನಂಟಿಗೆ ಇನ್ನೊಂದು ಗಂಟೂ ಬಿದ್ದಿದೆ. ಅಣ್ಣಾವ್ರು, ಅಂಬರೀಷಣ್ಣ, ಶಿವಣ್ಣ, ಅಪ್ಪು ಎಂದು ನಾವು ನಟರನ್ನು ಮನೆಯ ಸಂಬಂಧದ ಹೆಸರಿನಿಂದ, ಮುದ್ದಿನ ಹೆಸರಿನಿಂದ ಕರೆಯುತ್ತೇವೆ. ರಾಜಕುಮಾರ್ ಅವರು ಇದಕ್ಕೆ ಪ್ರತಿಯಾಗಿ ಅಭಿಮಾನಿಗಳನ್ನೇ ‘ಅಭಿಮಾನಿ ದೇವರುಗಳು’ ಎಂದು ಕರೆದರು. ಒಮ್ಮುಖದ ನಂಟು ಆ ಒಂದು ಪದದಿಂದ ಇಮ್ಮುಖವಾದಂತೆ ಲಕ್ಷಾಂತರ ಜನರಿಗೆ ಅನ್ನಿಸಿತು. 2000ದ ಜುಲೈ 30ರಂದು ಗಾಜನೂರಿನಿಂದ ವೀರಪ್ಪನ್ ಅವರನ್ನು ಅಪಹರಿಸಿದಾಗ, ಬಿಡುಗಡೆಯಾಗುವವರೆಗಿನ 108 ದಿನ ಕರ್ನಾಟಕದ ಎಷ್ಟೋ ಮನೆಗಳಲ್ಲಿ ಹರಕೆ ಹೊತ್ತರು. ಮನೆಯ ಹಿರಿಯರು ಕಾಣೆಯಾದರೆ ಮಾಡುವುದೂ ಅದನ್ನೇ.

ಇಂಥ ನಂಟು ಕಾಯಿಲೆಯಲ್ಲ. ಒಂಟಿಯಾಗಿರುವವರಿಗೆ, ಊರು ಬಿಟ್ಟು ಹೋಗಿ ಪಿ.ಜಿ.ಯಲ್ಲಿ ಇರುವ ಹುಡುಗ–ಹುಡುಗಿಯರಿಗೆ, ಹದಿಹರೆಯದಲ್ಲಿ ‘ನಾನು ಯಾರಂತೆ ಆಗಬೇಕು’ ಎಂದು ಹುಡುಕುತ್ತಿರುವವರಿಗೆ ಇದು ಆಸರೆಯಾಗುವುದುಂಟು. ಹದಿಹರೆಯದಲ್ಲಿ ಇದರ ಬಿಸಿ ಹೆಚ್ಚು. ವಯಸ್ಸಾದಂತೆ ಬಹುತೇಕರಲ್ಲಿ ತಾನೇ ತಣಿಯುತ್ತದೆ. 2002ರಲ್ಲಿ ಮನೋವಿಜ್ಞಾನಿಗಳು ಇದನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿ ಮೂರು ಹಂತ ಗುರುತಿಸಿದರು. ಮೊದಲನೆಯದರಲ್ಲಿ ನಟನ ವಿಷಯ ಮಾತಾಡುವುದು, ಗೆಳೆಯರ ಜೊತೆ ಸಿನಿಮಾ ನೋಡುವುದು ಖುಷಿ. ನಮ್ಮಲ್ಲಿ ಹೆಚ್ಚಿನವರು ಇಲ್ಲೇ ಇರುವುದು. ಎರಡನೆಯದರಲ್ಲಿ ಬೇಡವೆಂದರೂ ಅದೇ ಯೋಚನೆ ಬರುತ್ತಿರುತ್ತದೆ, ನಟನಿಗೆ ಸೋಲಾದರೆ ತನಗೇ ಸೋಲಾದಂತೆ ನಿದ್ದೆ ಕೆಡುತ್ತದೆ. ಮೂರನೆಯದರಲ್ಲಿ ‘ಅವರು ಹೇಳಿದರೆ ಕಾನೂನು ಮುರಿಯಲೂ ಸಿದ್ಧ’ ಎನ್ನುವ ಸ್ಥಿತಿ. ಆತಂಕ, ಖಿನ್ನತೆಗಳ ಜೊತೆ ನಂಟು ಕಂಡುಬಂದಿರುವುದು ಮೇಲಿನ ಈ ಎರಡು ಹಂತಗಳಲ್ಲಿ. ಮಗ ಗೋಡೆಗೆ ಪೋಸ್ಟರ್ ಅಂಟಿಸಿದನೆಂದು ತಂದೆ–ತಾಯಿ ಹೆದರಬೇಕಿಲ್ಲ. ಊಟ, ನಿದ್ದೆ, ಓದು, ಗೆಳೆಯರು ಬಿಟ್ಟುಹೋಗುತ್ತಿದ್ದಾರೆಯೇ ಎಂದು ನೋಡಿ.

ಅಪ್ಪು ಹೋದ ದಿನ

2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ 46ನೇ ವಯಸ್ಸಿಗೆ ತೀರಿಕೊಂಡರು. ಅಂದು ಸಂಬಂಧಿಕರಲ್ಲದವರು ಅತ್ತದ್ದನ್ನು ನಾಟಕ ಎಂದವರಿದ್ದಾರೆ. ಅದು ನಾಟಕವಲ್ಲ. ಒಮ್ಮುಖ ನಂಟು ಮುರಿದಾಗ ಆಗುವ ದುಃಖವೂ ದುಃಖವೇ. ಅದನ್ನು ಹೇಳಿಕೊಳ್ಳಲು ಹೋದರೆ ಮಾತ್ರ ‘ನಿನಗೇನು ಅವನು ನೆಂಟನಾ?’ ಎಂಬ ಪ್ರಶ್ನೆ ಬರುತ್ತದೆ. ನೋವು ಒಳಗೇ ಉಳಿಯುತ್ತದೆ. ಆ ದಿನಗಳಲ್ಲಿ ಅಭಿಮಾನಿಗಳು ಎದೆನೋವಿನಿಂದ ಸತ್ತ, ತಾವೇ ಪ್ರಾಣ ಕಳೆದುಕೊಂಡ ಸುದ್ದಿಗಳೂ ಬಂದವು.

ತೀವ್ರ ದುಃಖ ಹೃದಯವನ್ನು ಮುಟ್ಟುತ್ತದೆಂಬುದು ಬರೀ ಮಾತಲ್ಲ. ಆಘಾತದಿಂದ ಹೃದಯದ ಸ್ನಾಯು ತಾತ್ಕಾಲಿಕವಾಗಿ ಸೋತು ಹೃದಯಾಘಾತದಂತೆಯೇ ಕಾಣುವ ಸ್ಥಿತಿಯನ್ನು ಜಪಾನಿನ ವೈದ್ಯರು 1990ರ ಸುಮಾರಿಗೆ ಗುರುತಿಸಿ ಟಕೊಟ್ಸುಬೊ ಎಂದು ಹೆಸರಿಟ್ಟರು. ಇದು ಅಪರೂಪ, ಹೆಚ್ಚಾಗಿ ವಯಸ್ಸಾದ ಹೆಂಗಸರಲ್ಲಿ ಕಾಣುವಂಥದ್ದು, ಬಹುತೇಕರು ಚೇತರಿಸಿಕೊಳ್ಳುತ್ತಾರೆ. ಆದರೆ ಇದೋ ನಿಜವಾದ ಹೃದಯಾಘಾತವೋ ಎಂದು ಮನೆಯಲ್ಲಿ ಕುಳಿತು ಹೇಳಲಾಗದು. ಎದೆನೋವು ಬಂದರೆ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಲೇಬೇಕು. ಪುನೀತ್ ತೀರಿಕೊಂಡ ಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆದದ್ದು ಇದೇ ನಂಟಿನ ಒಳ್ಳೆಯ ಮುಖ. ಮುಂದೆ ರಾಜ್ಯ ಸರ್ಕಾರ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದರೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ಯೋಜನೆಗೆ ಪುನೀತ್ ಅವರ ಹೆಸರನ್ನೇ ಇಟ್ಟಿತು.

ಪ್ರೀತಿಯ ನಟ ಸತ್ತಾಗ ಯಾರಾದರೂ ‘ನಾನೂ ಇರಲ್ಲ’ ಎಂದರೆ ಅದನ್ನು ತಮಾಷೆ ಮಾಡಬೇಡಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಒಳ್ಳೆಯ ನಟ, ಆದ್ದರಿಂದ ಒಳ್ಳೆಯ ಎಣ್ಣೆ?

1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನೋವಿಜ್ಞಾನಿ ಸೇನಾಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ನೋಡಿದ. ಒಂದು ಗುಣದಲ್ಲಿ ಹೆಚ್ಚು ಅಂಕ ಪಡೆದವನಿಗೆ ಸಂಬಂಧವೇ ಇಲ್ಲದ ಬೇರೆ ಗುಣಗಳಲ್ಲೂ ಹೆಚ್ಚು ಅಂಕ ಸಿಕ್ಕಿದ್ದವು. ಒಂದು ಬೆಳಕು ಇಡೀ ಮನುಷ್ಯನನ್ನು ಬೆಳಗಿಸಿಬಿಡುತ್ತದೆ. ನಟನೆ ಚೆನ್ನಾಗಿದ್ದರೆ ಮನಸ್ಸೂ ಚೆನ್ನ, ಮಾತೂ ಸತ್ಯ, ಅವರು ತೋರಿಸಿದ ಅಡುಗೆ ಎಣ್ಣೆಯೂ ಶುದ್ಧ ಎಂದು ನಾವು ನಂಬುವುದು ಹೀಗೆಯೇ. ತೆರೆಯ ಪಾತ್ರ ಮತ್ತು ಮನುಷ್ಯ ಕೂಡಿಹೋಗುವುದೂ ಹೀಗೆಯೇ. ರಾಜಕುಮಾರ್ ನಾಯಕರಾಗಿ ಬಂದ 1972ರ ‘ಬಂಗಾರದ ಮನುಷ್ಯ’ ನೋಡಿ ಪಟ್ಟಣ ಬಿಟ್ಟು ಹೊಲಕ್ಕೆ ಹಿಂದಿರುಗಿದವರ ಕತೆಗಳನ್ನು ನಮ್ಮ ಕಡೆ ಈಗಲೂ ಹೇಳುತ್ತಾರೆ.

ಜಾಹೀರಾತಿನವರಿಗೆ ಇದು ಥಾರ್ನ್‌ಡೈಕ್‌ಗಿಂತ ಮೊದಲೇ ಗೊತ್ತಿತ್ತು. ಈಗ ವಂಚಕರಿಗೂ ಗೊತ್ತು. 2023ರ ನವೆಂಬರ್‌ನಲ್ಲಿ ಕೊಡಗಿನ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬರ ದೇಹಕ್ಕೆ ಅಂಟಿಸಿದ ಡೀಪ್‌ಫೇಕ್ ವಿಡಿಯೊ ದೇಶವೆಲ್ಲ ಹರಿದಾಡಿತು. ಮರುತಿಂಗಳು ಇನ್ಫೋಸಿಸ್‌ನ ಎನ್.ಆರ್. ನಾರಾಯಣಮೂರ್ತಿಯವರು, ತಾವು ಹಣ ಹೂಡಲು ಹೇಳುತ್ತಿರುವಂತೆ ಹರಿದಾಡುತ್ತಿರುವ ವಿಡಿಯೊಗಳು ಸುಳ್ಳು ಎಂದು ತಾವೇ ಎಚ್ಚರಿಸಬೇಕಾಯಿತು. ‘ಅವರೇ ಹೇಳಿದ್ದಾರಲ್ಲ’ ಎಂದು ನಂಬಿ ಹಣ ಕಳೆದುಕೊಂಡವರು ನಮ್ಮ ರಾಜ್ಯದಲ್ಲೇ ಇದ್ದಾರೆ. ನಿಮ್ಮ ಮೆಚ್ಚಿನ ಮುಖ ಷೇರು, ಸಾಲದ ಆ್ಯಪ್, ಮಂಡಿನೋವಿನ ಎಣ್ಣೆ ಮಾರುವ ವಿಡಿಯೊ ಗ್ರೂಪಿಗೆ ಬಂದರೆ ಅವರ ಅಧಿಕೃತ ಖಾತೆಯಲ್ಲಿ ಅದು ಇದೆಯೇ ನೋಡಿ. ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಜಾಹೀರಾತು ನಿಜವಾದದ್ದೇ ಆಗಿ, ಅದರಲ್ಲಿ ಹೇಳಿದ್ದು ಸುಳ್ಳಾಗಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅದರಲ್ಲಿ ಕಾಣಿಸಿಕೊಂಡ ತಾರೆಗೂ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

‘ನಮ್ಮ ಬಾಸ್’, ‘ನಿಮ್ಮ ಬಾಸ್’

ಇಲ್ಲಿಯವರೆಗಿನದು ಒಬ್ಬ ಅಭಿಮಾನಿ, ಒಬ್ಬ ತಾರೆ. ಆದರೆ ಅಭಿಮಾನ ಒಂಟಿಯಾಗಿ ಇರುವುದಿಲ್ಲ, ಅದಕ್ಕೊಂದು ಸಂಘ ಬೇಕು. ನನ್ನ ಅಭಿಪ್ರಾಯದಲ್ಲಿ ನಿಜವಾದ ಶಕ್ತಿ ಮತ್ತು ನಿಜವಾದ ಅಪಾಯ ಎರಡೂ ಇರುವುದು ಇಲ್ಲಿ, ತಾರೆಯಲ್ಲಿ ಅಲ್ಲ.

1970ರ ಆಸುಪಾಸು ಹೆನ್ರಿ ತಾಜ್ಫೆಲ್ ಎಂಬ ಸಂಶೋಧಕ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14–15 ವರ್ಷದ ಹುಡುಗರನ್ನು ಎರಡು ಗುಂಪು ಮಾಡಿದ. ಕ್ಲೇ, ಕ್ಯಾಂಡಿನ್ಸ್ಕಿ ಎಂಬ ಇಬ್ಬರು ಚಿತ್ರಕಾರರಲ್ಲಿ ನಿಮಗೆ ಯಾರ ಚಿತ್ರ ಇಷ್ಟವೋ ಅದರ ಮೇಲೆ ಗುಂಪು ಎಂದು ಹೇಳಲಾಗಿತ್ತು. ಹುಡುಗರಿಗೆ ಆ ಚಿತ್ರಕಾರರ ಪರಿಚಯವೂ ಇರಲಿಲ್ಲ, ತಮ್ಮ ಗುಂಪಿನಲ್ಲಿ ಯಾರಿದ್ದಾರೆಂದೂ ಗೊತ್ತಿರಲಿಲ್ಲ. ಆದರೂ ಹಣ ಹಂಚಲು ಹೇಳಿದಾಗ ತಮ್ಮ ಗುಂಪಿನ ಕಡೆ ವಾಲಿದರು. ಅಷ್ಟೇ ಅಲ್ಲ, ತಮಗೆ ಸಿಗುವುದು ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಎದುರಿನವರಿಗಿಂತ ಹೆಚ್ಚಿರಲಿ ಎನ್ನುವ ಕಡೆಗೂ ವಾಲಿದರು. ಫೇಸ್‌ಬುಕ್ಕಿನಲ್ಲಿ ನಡೆಯುವ ‘ಫ್ಯಾನ್ ವಾರ್’ ಇದಕ್ಕಿಂತ ಬೇರೆಯೇನಲ್ಲ. ಕಲೆಕ್ಷನ್ ಎಷ್ಟಾದರೂ ಆಗಲಿ, ಅವರ ಸಿನಿಮಾಗಿಂತ ಹೆಚ್ಚಾಗಬೇಕು.

1976ರಲ್ಲಿ ರಾಬರ್ಟ್ ಚಿಯಾಲ್ಡಿನಿ ಮತ್ತು ಸಂಗಡಿಗರು ಅಮೆರಿಕದ ಕಾಲೇಜುಗಳಲ್ಲಿ ಇನ್ನೊಂದು ಸಂಗತಿ ಕಂಡರು. ಕಾಲೇಜಿನ ತಂಡ ಗೆದ್ದ ಮರುವಾರ ಹೆಚ್ಚು ವಿದ್ಯಾರ್ಥಿಗಳು ಕಾಲೇಜಿನ ಹೆಸರಿರುವ ಬಟ್ಟೆ ಹಾಕಿ ಬರುತ್ತಿದ್ದರು. ಗೆದ್ದರೆ ‘ನಾವು ಗೆದ್ದೆವು’ ಎನ್ನುತ್ತಿದ್ದರು, ಸೋತರೆ ‘ಅವರು ಸೋತರು’. ಆರ್‌ಸಿಬಿ ಅಭಿಮಾನಿಗಳು ಇದಕ್ಕೂ ಮಿಗಿಲು. ಸೋತ ವರ್ಷಗಳಲ್ಲೂ ಬಿಡದೆ ‘ಈ ಸಲ ಕಪ್ ನಮ್ದೇ’ ಎಂದೇ ಹೇಳುತ್ತ ಬಂದರು. ಆಡದವರೂ ‘ನಮ್ದೇ’ ಎನ್ನುವುದರಲ್ಲಿ ಅಭಿಮಾನದ ಇಡೀ ಗುಟ್ಟಿದೆ: ತಾರೆಯ ಗೆಲುವಿನಲ್ಲಿ ನಮಗೂ ಒಂದು ಪಾಲು ಸಿಗುತ್ತದೆ. ಮನೆಯಲ್ಲಿ, ಕೆಲಸದಲ್ಲಿ ಹೆಚ್ಚು ಗೆಲುವು ಕಾಣದವನಿಗೆ ಈ ಪಾಲು ಚಿಕ್ಕದಲ್ಲ.

ಪಾಲು ಸಿಗುವುದಾದರೆ ಸೋಲಿನಲ್ಲೂ ಸಿಗಬೇಕಲ್ಲ? ಅದನ್ನು ಮನಸ್ಸು ಒಪ್ಪುವುದಿಲ್ಲ. ‘ನಾನು ಒಳ್ಳೆಯವನು, ನಾನು ಆರಾಧಿಸುವವರ ಮೇಲೆ ಕೆಟ್ಟ ಆರೋಪ ಬಂದಿದೆ’ ಎಂಬ ಎರಡು ಮಾತು ಒಟ್ಟಿಗೆ ನಿಲ್ಲಲು ಕಷ್ಟ. ಇಂಥ ಇಕ್ಕಟ್ಟನ್ನು ಲಿಯಾನ್ ಫೆಸ್ಟಿಂಜರ್ 1957ರಲ್ಲೇ ವಿವರಿಸಿದ್ದ. ಇಕ್ಕಟ್ಟಿನಿಂದ ಹೊರಬರಲು ಆರೋಪವನ್ನೇ ಅಲ್ಲಗಳೆಯುವುದು ಸುಲಭದ ದಾರಿ. 2024ರ ಜೂನ್‌ನಲ್ಲಿ ಚಿತ್ರದುರ್ಗದ ಒಬ್ಬ ಯುವಕನ ಕೊಲೆ ಪ್ರಕರಣದಲ್ಲಿ ನಟ ದರ್ಶನ್ ಬಂಧನವಾಯಿತು. ಆರೋಪ ನಿಜವೇ ಸುಳ್ಳೇ ಎಂಬುದು ನ್ಯಾಯಾಲಯ ಹೇಳಬೇಕಾದ ಮಾತು. ಆದರೆ ಜೈಲಿನಲ್ಲಿ ಕೊಟ್ಟ ಕೈದಿ ಸಂಖ್ಯೆಯನ್ನು ಕೆಲವು ಅಭಿಮಾನಿಗಳು ಗಾಡಿಗಳ ಮೇಲೆ ಬರೆಸಿಕೊಂಡರು, ಒಂದು ಎಳೆಮಗುವಿಗೆ ಕೈದಿಯ ಉಡುಪು ತೊಡಿಸಿ ಅದೇ ಸಂಖ್ಯೆ ಹಾಕಿ ಫೋಟೊ ತೆಗೆದರು. 2025ರ ಜುಲೈನಲ್ಲಿ ನಟಿ ರಮ್ಯಾ, ಈ ಪ್ರಕರಣದ ಬಗ್ಗೆ ಬರೆದದ್ದಕ್ಕೆ ತಮಗೆ ಅಶ್ಲೀಲ ಸಂದೇಶಗಳು ಬಂದಿವೆ ಎಂದು ಬೆಂಗಳೂರು ಪೊಲೀಸರಿಗೆ ದೂರು ಕೊಟ್ಟರು; ಬಂಧನಗಳೂ ಆದವು. ಆ ಸಂದೇಶ ಕಳಿಸಿದವರು ಹುಟ್ಟಾ ದುಷ್ಟರೇ ಆಗಿರಬೇಕಿಲ್ಲ. ತನ್ನ ಗುಂಪು ನೋಡುತ್ತಿದೆ, ತನ್ನ ಹೆಸರು ಕಾಣುತ್ತಿಲ್ಲ ಎನ್ನುವ ಎರಡು ಸಂಗತಿ ಕೂಡಿದರೆ ಸಾಧಾರಣ ಹುಡುಗನೂ ಅಲ್ಲಿಗೆ ತಲುಪುತ್ತಾನೆ. ಆಮೇಲೆ ಠಾಣೆಯಲ್ಲಿ ಕೂರುವವನು ಮಾತ್ರ ಅವನೊಬ್ಬನೇ.

ಪ್ರಾಣ ಹೋದದ್ದು ಹೇಗೆ

2024ರ ಜನವರಿ 8, ಯಶ್ ಹುಟ್ಟುಹಬ್ಬ. ಅದರ ಹಿಂದಿನ ರಾತ್ರಿ ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಂತಿ ತಗುಲಿ ಮೂವರು ಯುವಕರು ಸತ್ತರು. ಯಶ್ ಅಲ್ಲಿಗೆ ಬಂದು ಆ ಮನೆಗಳವರನ್ನು ಕಂಡರು, ಹೀಗೆ ಬ್ಯಾನರ್ ಕಟ್ಟಿ ಪ್ರೀತಿ ತೋರಿಸಬೇಡಿ ಎಂದು ಕೇಳಿಕೊಂಡರು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಕಂಬದ ಮೇಲಿನ ತಂತಿಗೆ ಮನೆಯ ವೈರಿನಂತೆ ಹೊದಿಕೆ ಇರುತ್ತದೆಂದು ಹಲವರು ಭಾವಿಸಿದ್ದಾರೆ. ಹಳ್ಳಿ, ಪಟ್ಟಣಗಳ 11 ಕೆ.ವಿ. ಲೈನುಗಳು ಬಹುತೇಕ ಬರಿಯ ಲೋಹ. ಕಟೌಟಿನ ಚೌಕಟ್ಟು ಕಬ್ಬಿಣದ್ದಾದರೆ ಕೇಳುವುದೇ ಬೇಡ. ಇಬ್ಬನಿಗೆ ನೆನೆದ ಮರದ ಪಟ್ಟಿ, ಹಸಿ ಬಿದಿರು ಕೂಡ ವಿದ್ಯುತ್ ಹರಿಸುತ್ತವೆ. ನಾಲ್ಕೈದು ಜನ ಒಟ್ಟಿಗೆ ಹಿಡಿದು ಎತ್ತುವುದರಿಂದ ಒಂದೇ ಸಲಕ್ಕೆ ನಾಲ್ಕೈದು ಮನೆ ಹಾಳು. ರಾತ್ರಿ ತಂತಿ ಕಾಣುವುದಿಲ್ಲ, ಗಾಳಿಗೆ ಫ್ಲೆಕ್ಸ್ ಹಾಯಿಯಂತೆ ವಾಲುತ್ತದೆ. ಗಣಪತಿ ಪೆಂಡಾಲ್, ಜಾತ್ರೆಯ ಸ್ವಾಗತ ಕಮಾನುಗಳಿಗೂ ಇದೇ ಮಾತು. ಹತ್ತಿರದಲ್ಲಿ ತಂತಿಯಿದ್ದರೆ ಬೇಡವೇ ಬೇಡ. ಯಾರಿಗಾದರೂ ತಗುಲಿದರೆ ಬರಿಗೈಯಲ್ಲಿ ಎಳೆಯಬೇಡಿ, ಹತ್ತಿರವೂ ಹೋಗದೆ 1912ಕ್ಕೆ ಕರೆ ಮಾಡಿ ಲೈನ್ ತೆಗೆಸಿ.

ಇನ್ನೊಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ. 2025ರ ಜೂನ್ 3ರ ರಾತ್ರಿ ಆರ್‌ಸಿಬಿ ಮೊದಲ ಬಾರಿ ಐಪಿಎಲ್ ಗೆದ್ದಿತು. ಮರುದಿನ ವಿಜಯೋತ್ಸವಕ್ಕೆ, ಸುಮಾರು 35 ಸಾವಿರ ಜನ ಹಿಡಿಸುವ ಜಾಗದ ಸುತ್ತ ಲಕ್ಷಗಟ್ಟಲೆ ಜನ ಸೇರಿದರು. 11 ಮಂದಿ ಸತ್ತರು, ಹೆಚ್ಚಿನವರು ಎಳೆಯರು. ಕಾಲ್ತುಳಿತ ಎಂಬ ಪದ ಕೇಳಿದರೆ ಜನ ಓಡಿ ತುಳಿದರು ಅನ್ನಿಸುತ್ತದೆ. ಇಂಥ ನೂಕುನುಗ್ಗಲಿನಲ್ಲಿ ಹೆಚ್ಚಿನ ಸಾವು ಆಗುವುದು ನಿಂತಲ್ಲೇ, ಎದೆ ಹಿಗ್ಗಲು ಜಾಗವಿಲ್ಲದೆ ಉಸಿರು ಕಟ್ಟಿ. ಒಂದು ಚದರ ಮೀಟರಿನಲ್ಲಿ ಐದಾರು ಜನರಿಗಿಂತ ಹೆಚ್ಚಾದರೆ ಗುಂಪು ನೀರಿನಂತೆ ವರ್ತಿಸುತ್ತದೆ. ಹಿಂದಿನವರಿಗೆ ಮುಂದೇನಾಗುತ್ತಿದೆ ತಿಳಿಯುವುದಿಲ್ಲ, ತಳ್ಳುತ್ತಲೇ ಇರುತ್ತಾರೆ. ಅಲ್ಲಿ ವ್ಯವಸ್ಥೆ ಮಾಡುವವರ ಹೊಣೆಯೇ ದೊಡ್ಡದು, ಅಭಿಮಾನಿಯ ಬುದ್ಧಿಯನ್ನು ಬೈದು ಪ್ರಯೋಜನವಿಲ್ಲ. ಆದರೂ ಅಕ್ಕಪಕ್ಕದವರ ಭುಜ ಎರಡೂ ಕಡೆಯಿಂದ ತಾಗತೊಡಗಿದರೆ ಅದೇ ಹೊರಡುವ ಹೊತ್ತು ಎಂದು ತಿಳಿಯಿರಿ. ಸಿಕ್ಕಿಕೊಂಡರೆ ಎರಡೂ ಮುಂಗೈಗಳನ್ನು ಎದೆಯ ಮುಂದೆ ಅಡ್ಡ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಿ, ಬಿದ್ದ ಫೋನು–ಚಪ್ಪಲಿಗೆ ಬಗ್ಗಬೇಡಿ, ನೂಕಿನ ಎದುರು ನಿಲ್ಲದೆ ಅಲೆ ಕಡಿಮೆಯಾದಾಗ ಓರೆಯಾಗಿ ಅಂಚಿನ ಕಡೆ ಸರಿಯಿರಿ.

ಅದೇ ನಂಟು, ನಾಲ್ಕು ಕಣ್ಣು

2006ರ ಏಪ್ರಿಲ್ 12ರಂದು ರಾಜಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಗಲಭೆಯಾಗಿ, ಒಬ್ಬ ಪೊಲೀಸ್ ಪೇದೆಯೂ ಸೇರಿ ಹಲವರು ಸತ್ತರು. ಅದೇ ದಿನ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಒಂದೇ ಅಭಿಮಾನ ಎರಡು ದಾರಿ ಹಿಡಿಯಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಹುಡುಕಬೇಕಿಲ್ಲ. (ಅವರು ನಾಯಕನಾದ ಮೊದಲ ಚಿತ್ರ 1954ರ ‘ಬೇಡರ ಕಣ್ಣಪ್ಪ’, ಶಿವನಿಗೆ ಕಣ್ಣು ಕಿತ್ತುಕೊಟ್ಟ ಭಕ್ತನ ಕತೆ.) 2017ರಲ್ಲಿ ಪಾರ್ವತಮ್ಮ ರಾಜಕುಮಾರ್ ಅವರ ಕಣ್ಣುಗಳೂ, 2021ರಲ್ಲಿ ಪುನೀತ್ ಅವರ ಕಣ್ಣುಗಳೂ ದಾನವಾದವು. ನಾರಾಯಣ ನೇತ್ರಾಲಯದ ವೈದ್ಯರು ಪುನೀತ್ ಅವರ ಪ್ರತಿ ಕಾರ್ನಿಯಾವನ್ನು ಮೇಲ್ಪದರ, ಒಳಪದರ ಎಂದು ಸೀಳಿ ನಾಲ್ವರಿಗೆ ದೃಷ್ಟಿ ಕೊಟ್ಟರು. ಆಮೇಲಿನ ವಾರಗಳಲ್ಲಿ ನೇತ್ರದಾನಕ್ಕೆ ಹೆಸರು ಬರೆಸುವವರು ರಾಜ್ಯದ ಎಲ್ಲೆಡೆ ಸಾಲುಗಟ್ಟಿದರು. ಯಾವ ಆರೋಗ್ಯ ಇಲಾಖೆಯ ಪೋಸ್ಟರೂ ಅಷ್ಟು ಬೇಗ ಅಷ್ಟು ಜನರನ್ನು ಎಬ್ಬಿಸಲಾರದು. ಮೊದಲು ಹೇಳಿದ ನಕಲು ಮಾಡುವ ಗುಣವೇ ಇಲ್ಲಿ ಕೆಲಸ ಮಾಡಿದ್ದು.

ಹೆಸರು ಬರೆಸಿದವರು ಅನೇಕರು, ನಿಜಕ್ಕೂ ದಾನವಾಗುವುದು ಅದರಲ್ಲಿ ಸ್ವಲ್ಪ. ಕಾರಣ ಸರಳ: ಸಾವಿನ ಮನೆಯಲ್ಲಿ ಆ ಮಾತು ಯಾರಿಗೂ ನೆನಪಾಗುವುದಿಲ್ಲ. ಸಾವಾದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು. ನೇತ್ರ ಬ್ಯಾಂಕಿನವರು ಮನೆಗೇ ಬರುತ್ತಾರೆ, ಅರ್ಧ ಗಂಟೆಯೂ ಹಿಡಿಯುವುದಿಲ್ಲ, ಮುಖ ವಿಕಾರವಾಗುವುದಿಲ್ಲ. ಕನ್ನಡಕ ಹಾಕುವವರು, ಸಕ್ಕರೆ ಕಾಯಿಲೆಯವರು, ಪೊರೆಯ ಶಸ್ತ್ರಚಿಕಿತ್ಸೆ ಆದವರು, ಎಷ್ಟೇ ವಯಸ್ಸಾದವರೂ ಕೊಡಬಹುದು. ಎಚ್‌ಐವಿ, ಹೆಪಟೈಟಿಸ್, ರೇಬಿಸ್‌ನಂಥ ಸೋಂಕಿದ್ದವರ ಕಣ್ಣು ಪಡೆಯುವುದಿಲ್ಲ. ಅವರು ಬರುವವರೆಗೆ ರೆಪ್ಪೆ ಮುಚ್ಚಿ ಅದರ ಮೇಲೆ ಒದ್ದೆ ಹತ್ತಿ ಇಡಬೇಕು, ತಲೆಯ ಕೆಳಗೆ ದಿಂಬು ಕೊಟ್ಟು ಫ್ಯಾನ್ ಆಫ್ ಮಾಡಬೇಕು. ಸತ್ತವರು ಹೆಸರು ಬರೆಸಿರದಿದ್ದರೂ ಮನೆಯವರು ಒಪ್ಪಿದರೆ ದಾನ ಮಾಡಬಹುದು. ಹೆಸರು ಬರೆಸಿದ್ದರೂ ಮನೆಯವರು ಫೋನ್ ಮಾಡದಿದ್ದರೆ ಆಗುವುದಿಲ್ಲ. ಅಪ್ಪು ಹೆಸರಿನಲ್ಲಿ ನೀವು ಆಗ ಕಾರ್ಡ್ ಮಾಡಿಸಿದ್ದರೆ, ಅದು ಎಲ್ಲಿದೆ, ಯಾವ ನಂಬರಿಗೆ ಫೋನ್ ಮಾಡಬೇಕು ಎಂದು ಮನೆಯಲ್ಲಿ ಇಬ್ಬರಿಗಾದರೂ ಹೇಳಿಡಿ.